ಮಂಜೂರು ಬೇರೆ, ಬಿಡುಗಡೆ ಬೇರೆ

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತಲ್ಲ. ಬೆಳಗ್ಗೆ ಬೇಗ ಎದ್ದು ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಕುಂಕುಮ, ಮೇಲೆರಡು ಸೇವಂತಿಗೆ ಇಟ್ಟೆ. (ಮೇರಿಲ್ಯಾಂಡಿನಲ್ಲಿ ಅಕ್ಟೋಬರಿಗೆ ಸೇವಂತಿಗೆಗೆ ಬರ ಇಲ್ಲ, ದಿನಸಿ ಅಂಗಡಿ ಬಾಗಿಲಲ್ಲೇ ಕುಂಡ ಜೋಡಿಸಿರ್ತಾರೆ.) ಎಂಟೂಕಾಲಿಗೆ ಅದೇ ಲ್ಯಾಪ್‌ಟಾಪಿಗೆ ಮೇಲ್ ಬಂತು. ನಾಲ್ಕೇ ಸಾಲು. ಸ್ಟಾಪ್ ವರ್ಕ್ ಆರ್ಡರ್. ಫೆಡರಲ್ ಸರ್ಕಾರಕ್ಕೆ ಹಣ ಒದಗಿಸುವ ಕಾನೂನಿನ ಅವಧಿ ನಿನ್ನೆ ಮಧ್ಯರಾತ್ರಿ ಮುಗಿದಿದೆ, ಮುಂದಿನ ಸೂಚನೆವರೆಗೆ ಕೆಲಸ ಮಾಡಕೂಡದು, ಮಾಡಿದರೂ ಬಿಲ್ ಹಾಕಕೂಡದು. ಪೂಜೆ ಮಾಡಿಸಿಕೊಂಡ ಆಯುಧ ಅವತ್ತು ಮಲಗಿದ್ದು, ಎದ್ದಿದ್ದು 43 ದಿನ ಕಳೆದ ಮೇಲೆ.

ನಾನು ಸರ್ಕಾರಿ ನೌಕರಳಲ್ಲ. ಇಲಾಖೆಯವರು ದೊಡ್ಡ ಕಂಪನಿಗೆ ಗುತ್ತಿಗೆ ಕೊಡ್ತಾರೆ, ಅವರು ಸಣ್ಣ ಕಂಪನಿಗೆ, ಅವರು ನನ್ನಂಥವರಿಗೆ. ವೆಬ್‌ಸೈಟ್ ಸರಿಯಾಗಿ ನಡೀತಿದೆಯಾ ಅಂತ ಟೆಸ್ಟ್ ಮಾಡೋದು ನನ್ನ ಕೆಲಸ. ಸರ್ಕಾರಿ ನೌಕರರಿಗೆ ಬಾಗಿಲು ತೆರೆದ ಮೇಲೆ ಹಿಂದಿನ ಸಂಬಳ ಸಿಗಬೇಕು ಅಂತ 2019ರಲ್ಲೇ ಕಾನೂನು ಆಗಿದೆ. ಗುತ್ತಿಗೆಯವರಿಗೆ ಅದಿಲ್ಲ. ಹೋದ ದಿನ ಹೋಯ್ತು.

ಊರಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಆರರ ಹತ್ತಿರ. ಅಪ್ಪ ಸ್ಕೂಟರಿಗೆ ಪೂಜೆ ಮುಗಿಸಿ ಟೀ ಕುಡೀತಾ ಇದ್ದರು.

"ಅಷ್ಟು ದೊಡ್ಡ ದೇಶ, ಒಂದು ಲೇಖಾನುದಾನ ತಗೊಳ್ಳೋಕೂ ಬರಲ್ವೇನಮ್ಮಾ ಅವರಿಗೆ?"

ಅಪ್ಪ ಮೂವತ್ತು ವರ್ಷ ತಾಲ್ಲೂಕಿನ ಉಪಖಜಾನೆಯಲ್ಲಿ ಕೆಲಸ ಮಾಡಿದವರು. ಖಜಾನೆ ಕಂಪ್ಯೂಟರಿಗೆ ಬರೋದಕ್ಕೆ ಎಷ್ಟೋ ಮೊದಲಿನ ಮಾತು. ಬಿಲ್ ತಂದವರಿಗೆ ಹಿತ್ತಾಳೆ ಟೋಕನ್ ಕೊಡೋದು, ಲೆಕ್ಕಶೀರ್ಷಿಕೆ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ವಾಪಸ್ ಮಾಡೋದು, ಮಾರ್ಚ್ 31ರ ರಾತ್ರಿ ಹನ್ನೊಂದರವರೆಗೂ ಕೂತು ಅನುದಾನ ಲ್ಯಾಪ್ಸ್ ಆಗದ ಹಾಗೆ ಬಿಲ್ ಪಾಸ್ ಮಾಡೋದು. ಆವತ್ತು ಅಮ್ಮ ಕ್ಯಾರಿಯರಿನಲ್ಲಿ ಊಟ ಕಳಿಸೋಳು, ತಲುಪಿಸೋದು ನಾನು. ಕೌಂಟರಿನ ಆಚೆ ಶಾಲೆ ಕಟ್ಟಡದ ಕಂಟ್ರಾಕ್ಟರು, ಹಾಸ್ಟೆಲ್ ವಾರ್ಡನ್ನು, ಆಸ್ಪತ್ರೆ ಗುಮಾಸ್ತರು ನಿಂತು "ಸಾರ್, ಮಂಜೂರಾಗಿದೆ ಸಾರ್, ಆರ್ಡರ್ ಕಾಪಿ ಇದೆ" ಅಂತಿದ್ದರು. ಅಪ್ಪನದು ಯಾವಾಗಲೂ ಒಂದೇ ಉತ್ತರ: "ಮಂಜೂರು ಬೇರೆ, ಬಿಡುಗಡೆ ಬೇರೆ. ಬಿಡುಗಡೆ ಪತ್ರ ಎಲ್ಲಿ?"

ಅಮೆರಿಕದ ಬಜೆಟ್ಟಿನ ಬಗ್ಗೆ ಇಲ್ಲಿ ಟೀವಿಯಲ್ಲಿ ಗಂಟೆಗಟ್ಟಲೆ ಮಾತಾಡೋ ಪಂಡಿತರನ್ನು ಕೇಳಿ ಸಾಕಾಗಿದೆ. ಆ ಮಾತೆಲ್ಲ ಅಪ್ಪನ ಈ ಒಂದು ಸಾಲಿನ ಹತ್ತಿರ ಬರಲ್ಲ ಅಂತ ನನಗೆ ಮನದಟ್ಟಾಗಿದ್ದು ಆ 43 ದಿನಗಳಲ್ಲಿ. ಕೆಲಸ ಇರಲಿಲ್ಲ, ಓದೋಕೆ ಬೇಕಾದಷ್ಟು ಹೊತ್ತಿತ್ತು.

ಮೊದಲು ಒಂದು ತಪ್ಪು ತಿಳಿವಳಿಕೆ. ಊರಿನ ನೆಂಟರು ಕೇಳ್ತಾರೆ, "ಟ್ರಂಪ್ ಬಜೆಟ್ ಪಾಸ್ ಆಗಲಿಲ್ವಂತೆ?" ಅಂತ. ಅಧ್ಯಕ್ಷರ ಬಜೆಟ್ ಅನ್ನೋದು ಪಾಸ್ ಆಗೋ ವಸ್ತುವೇ ಅಲ್ಲ. ಕಾನೂನಿನ ಪ್ರಕಾರ ಫೆಬ್ರವರಿಯ ಮೊದಲ ಸೋಮವಾರದೊಳಗೆ ಅವರು ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿನ ಸಂಸತ್ತಿಗೆ, ಒಂದು ಬಜೆಟ್ ಕಳಿಸಬೇಕು. ಬಹಳ ಸಲ ತಡವಾಗಿಯೇ ಬರುತ್ತೆ. ಅದು ಮದುವೆ ಮಾತುಕತೆಗೆ ಮುಂಚೆ ಬರೆದುಕೊಡೋ ಪಟ್ಟಿ ಇದ್ದ ಹಾಗೆ. ಓದಿ ಮಡಚಿಟ್ಟರೆ ಮುಗೀತು. ಸಂವಿಧಾನದ ಮೊದಲನೇ ವಿಧಿಯ ಒಂಬತ್ತನೇ ಭಾಗ ಹೇಳೋದು ಇಷ್ಟೇ: ಕಾನೂನಿನ ಮೂಲಕ ಮಂಜೂರಾಗದೆ ಖಜಾನೆಯಿಂದ ದುಡ್ಡು ಹೊರಗೆ ಬರಕೂಡದು. ಆ ಕಾನೂನು ಮಾಡೋದು ಕಾಂಗ್ರೆಸ್. ವರ್ಷಕ್ಕೆ 12 ಮಸೂದೆ, ಗಡುವು ಸೆಪ್ಟೆಂಬರ್ 30. ನಮ್ಮ ಮಾರ್ಚ್ ಎಂಡ್ ಇವರಿಗೆ ಸೆಪ್ಟೆಂಬರ್ ಎಂಡ್.

ಈಗಿರೋ ಪದ್ಧತಿಯಲ್ಲಿ ಇಷ್ಟು ವರ್ಷಗಳಲ್ಲಿ ಅಷ್ಟೂ ಮಸೂದೆ ಹೊತ್ತಿಗೆ ಸರಿಯಾಗಿ ಮುಗಿಸಿದ್ದು ಎಷ್ಟು ಸಲ ಗೊತ್ತಾ? ನಾಲ್ಕು ಸಲ. 1977, 1989, 1995, 1997ರ ಹಣಕಾಸು ವರ್ಷಗಳಿಗೆ. ಆಮೇಲೆ ಒಮ್ಮೆಯೂ ಇಲ್ಲ. ಉಳಿದ ವರ್ಷಗಳಲ್ಲೆಲ್ಲ "ಹೋದ ವರ್ಷದ ಮಟ್ಟದಲ್ಲೇ ಇನ್ನೊಂದಿಷ್ಟು ವಾರ ನಡೆಸಿ" ಅನ್ನೋ ತಾತ್ಕಾಲಿಕ ಠರಾವು. ಅಪ್ಪ ಲೇಖಾನುದಾನ ಅಂದದ್ದು ಇದನ್ನೇ. ನಮ್ಮಲ್ಲಿ ಲೇಖಾನುದಾನಕ್ಕೆ ಸದನದಲ್ಲಿ ಸೋತರೆ ಸರ್ಕಾರವೇ ಬಿತ್ತು ಅಂತ ಲೆಕ್ಕ, ಹಾಗಾಗಿ ಸೋಲೋ ಪ್ರಶ್ನೆ ಬರಲ್ಲ. ಇಲ್ಲಿ ಸರ್ಕಾರ ಬೀಳಲ್ಲ, ಬಾಗಿಲು ಹಾಕುತ್ತೆ. ಅದೂ ಮೊದಲಿಂದ ಹೀಗಿರಲಿಲ್ಲ. ಹಣ ಮಂಜೂರಾಗುವುದು ತಡವಾದರೂ ಕಚೇರಿಗಳು ಹೆಂಗೋ ನಡೀತಿದ್ದವು. 1980ರಲ್ಲಿ ಕಾರ್ಟರ್ ಕಾಲದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಮಂಜೂರಾತಿ ಇಲ್ಲದೆ ಕೆಲಸ ಮಾಡಿಸೋದು ಕಾನೂನುಬಾಹಿರ ಅಂತ ಅಭಿಪ್ರಾಯ ಬರೆದುಕೊಟ್ಟರು. ಬೀಗ ಹಾಕೋ ಪದ್ಧತಿ ಶುರುವಾಗಿದ್ದು ಅಲ್ಲಿಂದ. 1995-96ರಲ್ಲಿ 21 ದಿನ, 2013ರಲ್ಲಿ 16, 2018-19ರಲ್ಲಿ 35, 2025ರಲ್ಲಿ 43.

ಇನ್ನು ಸಲಹೆಗಾರರ ವಿಷಯ. ಅಧ್ಯಕ್ಷರ ಕಿವಿಯಲ್ಲಿ ಹಣದ ಮಾತಾಡೋರು ಒಬ್ಬಿಬ್ಬರಲ್ಲ. ಟ್ರೆಷರಿ ಕಾರ್ಯದರ್ಶಿ ಇದ್ದಾರೆ, ನಮ್ಮ ಹಣಕಾಸು ಮಂತ್ರಿ ಇದ್ದ ಹಾಗೆ. 1946ರ ಕಾನೂನಿನಿಂದ ಹುಟ್ಟಿದ ಮೂವರು ಸದಸ್ಯರ ಆರ್ಥಿಕ ಸಲಹಾ ಮಂಡಳಿ ಇದೆ, ಪ್ರೊಫೆಸರುಗಳ ಕೂಟ ಅದು. 1993ರಲ್ಲಿ ಕ್ಲಿಂಟನ್ ಮಾಡಿದ ರಾಷ್ಟ್ರೀಯ ಆರ್ಥಿಕ ಪರಿಷತ್ತು ಇದೆ, ಅದಕ್ಕೆ ಮೊದಲ ಮುಖ್ಯಸ್ಥ ರಾಬರ್ಟ್ ರೂಬಿನ್. ಇವರೆಲ್ಲ ಟೀವಿಯಲ್ಲಿ ಕಾಣಿಸಿಕೊಳ್ಳೋ ಮುಖಗಳು. ಬೆಳವಣಿಗೆ, ಸುಂಕ, ಬಡ್ಡಿ ಅಂತ ಚೆನ್ನಾಗಿ ಮಾತಾಡ್ತಾರೆ. ಇವರ್ಯಾರ ಕೈಯಲ್ಲೂ ಬಿಡುಗಡೆ ಪತ್ರದ ಪುಸ್ತಕ ಇಲ್ಲ.

ಅದು ಇರೋದು ಓಎಂಬಿ ಹತ್ತಿರ. ಆಫೀಸ್ ಆಫ್ ಮ್ಯಾನೇಜ್‌ಮೆಂಟ್ ಅಂಡ್ ಬಜೆಟ್. ಕೆಲವೇ ನೂರು ಜನರ ಕಚೇರಿ.

ಇದರ ಹುಟ್ಟು 1921ರದ್ದು. ಅದಕ್ಕೂ ಮೊದಲು ಅಮೆರಿಕಕ್ಕೆ ಒಂದು ಬಜೆಟ್ ಅಂತಲೇ ಇರಲಿಲ್ಲ, ಒಂದೊಂದು ಇಲಾಖೆಯೂ ತನ್ನ ಪಾಡಿಗೆ ತಾನು ಕಾಂಗ್ರೆಸ್ಸಿನ ಮುಂದೆ ಕೈಚಾಚುತ್ತಿತ್ತು. ಮೊದಲ ಮಹಾಯುದ್ಧದ ಸಾಲ ಕುತ್ತಿಗೆಗೆ ಬಂದ ಮೇಲೆ ಹಾರ್ಡಿಂಗ್ ಸಹಿ ಹಾಕಿದ ಕಾನೂನಿನಿಂದ ಬಜೆಟ್ ಬ್ಯೂರೋ ಆಯ್ತು. ಅದೇ ಕಾನೂನಿನಿಂದ ಲೆಕ್ಕ ತಪಾಸಣೆಗೆ ಜಿಎಓ ಕೂಡ ಹುಟ್ಟಿತು, ಇಲ್ಲಿನ ಸಿಎಜಿ ಅಂದುಕೊಳ್ಳಿ. ಬ್ಯೂರೋದ ಮೊದಲ ನಿರ್ದೇಶಕ ಚಾರ್ಲ್ಸ್ ಡಾಸ್. ಸೈನ್ಯದ ಉಗ್ರಾಣದಲ್ಲಿ ಪೊರಕೆ ರಾಶಿ ಬಿದ್ದಿದ್ದರೂ ನೌಕಾಪಡೆಯವರು ನಮ್ಮ ಅಳತೆಗೆ ಸರಿಹೋಗಲ್ಲ ಅಂತ ಬೇರೆ ಪೊರಕೆ ಕೊಳ್ಳೋಕೆ ಹೊರಟಾಗ, ಈತ ತುಂಬಿದ ಸಭೆಯಲ್ಲಿ ಎರಡೂ ಪೊರಕೆ ಕೈಯಲ್ಲಿ ಹಿಡಿದು ಬೀಸಿದ್ದನಂತೆ. ನಮ್ಮಪ್ಪನಿಗೆ ಈ ಕತೆ ಹೇಳಿದಾಗ ಐದು ನಿಮಿಷ ನಕ್ಕರು. "ಖಜಾನೆಯವನು ಅಂದ್ರೆ ಹಂಗಿರಬೇಕು!" 1939ರಲ್ಲಿ ರೂಸ್‌ವೆಲ್ಟ್ ಆ ಬ್ಯೂರೋವನ್ನು ಟ್ರೆಷರಿಯಿಂದ ಕಿತ್ತು ತಮ್ಮ ಕಾರ್ಯಾಲಯಕ್ಕೇ ಸೇರಿಸಿಕೊಂಡರು. 1970ರಲ್ಲಿ ನಿಕ್ಸನ್ ಹೆಸರು ಬದಲಾಯಿಸಿ ಓಎಂಬಿ ಮಾಡಿದರು.

ಒಳಗೆ ನಡೆಯೋದನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮ ಕನ್ನಡ ಕೂಟದ ಹಿರಿಯ ಅಕ್ಕ ಒಬ್ಬರು. ಒಂದು ಇಲಾಖೆಯ ಬಜೆಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ಇಲಾಖೆಗಳು ಮುಂದಿನ ವರ್ಷದ ಬೇಡಿಕೆಯನ್ನು ಸೆಪ್ಟೆಂಬರ್ ಹೊತ್ತಿಗೆ ಓಎಂಬಿಗೆ ಕಳಿಸಬೇಕು. ಅಲ್ಲಿ ಎಕ್ಸಾಮಿನರ್ ಅಂತ ಇರ್ತಾರೆ, ಅವರು ಸಾಲು ಸಾಲಿಗೂ ಪ್ರಶ್ನೆ ಹಾಕ್ತಾರೆ, ಕತ್ತರಿ ಆಡಿಸ್ತಾರೆ. ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿಗೆ ಉತ್ತರ ಬರುತ್ತೆ, ಅದಕ್ಕೆ ಪಾಸ್‌ಬ್ಯಾಕ್ ಅಂತ ಹೆಸರು. ಕೇಳಿದ್ದು ಇಷ್ಟು, ಕೊಟ್ಟಿದ್ದು ಇಷ್ಟು. ತಕರಾರಿದ್ದರೆ ಕೆಲವೇ ದಿನದಲ್ಲಿ ಮೇಲ್ಮನವಿ ಹಾಕಬೇಕು. "ಇಪ್ಪತ್ತು ವರ್ಷ ನಮ್ಮನೇಲಿ ಹಬ್ಬದ ದಿನ ಬಂದೋರಿಗೆ ಬಿಸಿಬೇಳೆ ಬಾತ್ ಬಡಿಸ್ತಾ ಒಂದು ಕಣ್ಣು ಫೋನ್ ಮೇಲೇ ಇರ್ತಿತ್ತು ಕಣೇ. ನನಗೆ ಗೀಟು ಹಾಕ್ತಿದ್ದ ಹುಡುಗಿಗೆ ಮೂವತ್ತೂ ಆಗಿರಲಿಲ್ಲ. ಆದ್ರೆ ನಮ್ಮ ಇಲಾಖೆ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು ಅವಳಿಗೆ" ಅಂದರು. ಕೊನೆ ಮಾತಿನಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು.

ಇದು ಪಟ್ಟಿ ಬರೆಯೋ ಕೆಲಸದ ಮಾತಾಯ್ತು. ನಾನು ಹೇಳಬೇಕು ಅಂತಿರೋದು ಆಮೇಲಿನದು. ಕಾಂಗ್ರೆಸ್ ಮಂಜೂರು ಮಾಡಿ, ಅಧ್ಯಕ್ಷರು ಸಹಿ ಹಾಕಿ, ಕಾನೂನಾದ ಮೇಲೂ ಇಲಾಖೆ ಆ ಹಣ ಮುಟ್ಟೋ ಹಾಗಿಲ್ಲ. ಓಎಂಬಿಯಿಂದ ಕಂತು ಕಂತಾಗಿ ಬಿಡುಗಡೆಯಾಗಬೇಕು. ಅಪೋರ್ಷನ್‌ಮೆಂಟ್ ಅಂತಾರೆ. ಉದ್ದೇಶ ಒಳ್ಳೆಯದೇ: ಇಲಾಖೆಯವರು ಆರು ತಿಂಗಳಲ್ಲೇ ಎಲ್ಲ ಖರ್ಚು ಮಾಡಿ ಕೈ ಒದರಿಕೊಂಡು ಮತ್ತೆ ಬರಬಾರದು. ಮೂರು ತಿಂಗಳಿಗೆ ಇಷ್ಟು, ಈ ಯೋಜನೆಗೆ ಇಷ್ಟು ಅಂತ ನಮೂನೆ ಇರುತ್ತೆ, ಕೆಳಗೆ ಅಡಿಟಿಪ್ಪಣಿ ಇರುತ್ತೆ. ಆ ಅಡಿಟಿಪ್ಪಣಿಗೆ ಕಾನೂನಿನ ಬಲ ಇದೆ.

2019ರಲ್ಲಿ ಉಕ್ರೇನಿಗೆ ಹೋಗಬೇಕಾದ ಮಿಲಿಟರಿ ನೆರವು ನಿಂತಿದ್ದು ಯಾವುದೋ ಭಾಷಣದಿಂದಲ್ಲ, ಇಂಥದ್ದೇ ಅಡಿಟಿಪ್ಪಣಿಯಿಂದ. ಮೊದಲನೆಯದಕ್ಕೆ ಸಹಿ ಹಾಕಿದ್ದು ಕಾಯಂ ಅಧಿಕಾರಿ. ಆಮೇಲೆ ಸಹಿ ಮಾಡೋ ಅಧಿಕಾರವನ್ನೇ ರಾಜಕೀಯ ನೇಮಕದ ಒಬ್ಬರಿಗೆ ಕೊಟ್ಟರು. 2020ರ ಜನವರಿಯಲ್ಲಿ ಜಿಎಓ ಇದು ಕಾನೂನು ಉಲ್ಲಂಘನೆ ಅಂತ ತೀರ್ಮಾನ ಕೊಟ್ಟಿತು. ಮೊತ್ತ 21 ಕೋಟಿ 40 ಲಕ್ಷ ಡಾಲರ್. ಹಣ ಅಷ್ಟರಲ್ಲಿ ಬಿಡುಗಡೆಯಾಗಿತ್ತು ಅನ್ನಿ. ಆದರೆ ಇಡೀ ದೇಶ ಟ್ರಂಪ್ ಮೇಲಿನ ಮಹಾಭಿಯೋಗದ ನಾಟಕ ನೋಡ್ತಿದ್ದಾಗ ಆ ನಮೂನೆಯ ಕಡೆ ಎಷ್ಟು ಜನ ನೋಡಿದರು?

ಯಾವ ಕಾನೂನು ಮುರಿದಿದ್ದು ಅಂದರೆ, 1974ರದ್ದು. ಅದರ ಹಿಂದೆ ನಿಕ್ಸನ್ ಕತೆ ಇದೆ. ನೀರಿನ ಮಾಲಿನ್ಯ ತಡೆಯೋ ಕಾನೂನನ್ನು 1972ರಲ್ಲಿ ನಿಕ್ಸನ್ ತಿರಸ್ಕರಿಸಿದರು, ಕಾಂಗ್ರೆಸ್ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತದಿಂದ ಮತ್ತೆ ಪಾಸ್ ಮಾಡಿತು. ಸರಿ, ಮಂಜೂರಾಯ್ತಲ್ಲ, ನಾನು ಬಿಡುಗಡೆ ಮಾಡಲ್ಲ ಅಂತ ಕೂತರು ನಿಕ್ಸನ್. ನಗರಗಳ ಚರಂಡಿ ನೀರು ಶುದ್ಧೀಕರಣಕ್ಕೆ ಹೋಗಬೇಕಾದ ಹಣದ ದೊಡ್ಡ ಪಾಲು ತಡೆಹಿಡಿದರು. ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯ್ತು, 1975ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ನಗರದ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಕಾಂಗ್ರೆಸ್ಸೇ ಹೊಸ ಕಾನೂನು ಮಾಡಿತ್ತು: ಅಧ್ಯಕ್ಷರಿಗೆ ಹಣ ಬೇಡ ಅನ್ನಿಸಿದರೆ ರದ್ದು ಮಾಡಿ ಅಂತ ಕೇಳಬಹುದು, ಕೇಳಿದ ಮೇಲೆ ಅಧಿವೇಶನದ 45 ದಿನ ಹಿಡಿದಿಟ್ಟುಕೊಳ್ಳಬಹುದು, ಅಷ್ಟರಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಬಿಡಲೇಬೇಕು. 1974ರ ಜುಲೈ 12ರಂದು ಇದಕ್ಕೆ ಸಹಿ ಹಾಕಿದ್ದು ಅದೇ ನಿಕ್ಸನ್. ಆಗಸ್ಟ್ 9ಕ್ಕೆ ಮನೆಗೆ ಹೋದರು.

ಅದೇ ಕಾನೂನಿನಲ್ಲಿ ಕಾಂಗ್ರೆಸ್ ತನಗೂ ಒಂದು ಲೆಕ್ಕದ ಕಚೇರಿ ಮಾಡಿಕೊಂಡಿತು, ಸಿಬಿಓ ಅಂತ. ಅಲ್ಲಿವರೆಗೆ ಅಂಕಿಸಂಖ್ಯೆಗೆಲ್ಲ ಅಧ್ಯಕ್ಷರ ಕಚೇರಿಯ ಮುಖವನ್ನೇ ನೋಡಬೇಕಿತ್ತು. ಮೊದಲ ನಿರ್ದೇಶಕಿ ಆಲಿಸ್ ರಿವ್ಲಿನ್. ನನಗೆ ಈಕೆಯ ಮೇಲೆ ಬಹಳ ಗೌರವ. ಎಂಟು ವರ್ಷ ಕಾಂಗ್ರೆಸ್ಸಿನ ಲೆಕ್ಕ ನೋಡಿ, ಆಮೇಲೆ ಕ್ಲಿಂಟನ್ ಕಾಲದಲ್ಲಿ ಓಎಂಬಿಗೂ ಮುಖ್ಯಸ್ಥೆಯಾದರು. ಗಂಡಿನ ಮನೆ, ಹೆಣ್ಣಿನ ಮನೆ ಎರಡರ ಅಡುಗೆಯನ್ನೂ ಬಲ್ಲವರು. ಇಂಥವರು ಈಗ ಎಷ್ಟು ಜನ ಇದ್ದಾರೆ?

ಇದಕ್ಕೆ ವಿರುದ್ಧ ಡೇವಿಡ್ ಸ್ಟಾಕ್‌ಮನ್. 1981ರಲ್ಲಿ, 34ನೇ ವಯಸ್ಸಿಗೆ ರೇಗನ್ ಅವರ ಓಎಂಬಿ ನಿರ್ದೇಶಕ. ಅಂಕಿಗಳನ್ನು ನೀರು ಕುಡಿದ ಹಾಗೆ ಹೇಳ್ತಾನೆ ಅಂತ ಹೆಸರು. ಅದೇ ವರ್ಷದ ಕೊನೆಗೆ ಪತ್ರಕರ್ತರೊಬ್ಬರ ಹತ್ತಿರ, ಈ ಲೆಕ್ಕಗಳಲ್ಲಿ ಏನು ನಡೀತಿದೆ ಅಂತ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅನ್ನೋ ಅರ್ಥದ ಮಾತಾಡಿ ಸಿಕ್ಕಿಬಿದ್ದ. ರೇಗನ್ ಕರೆದು ಊಟಕ್ಕೆ ಕೂರಿಸಿ ಬೈದರು, ಆದರೂ 1985ರವರೆಗೆ ಇಟ್ಟುಕೊಂಡರು. ನಿಜ ಹೇಳಿದ್ದಕ್ಕೆ ಬೈಗುಳ, ಲೆಕ್ಕ ತಪ್ಪಿದ್ದಕ್ಕೆ ಏನೂ ಇಲ್ಲ.

ಈಗಿನ ಓಎಂಬಿ ನಿರ್ದೇಶಕ ರಸೆಲ್ ವೋಟ್. ಇವರು ಸ್ಟಾಕ್‌ಮನ್ ಥರ ಬಾಯಿಬಿಡುವವರಲ್ಲ, ಕಚೇರಿಯ ಒಳದಾರಿಗಳೆಲ್ಲ ಗೊತ್ತಿರೋ ಮನುಷ್ಯ. ಟ್ರಂಪ್ ಅವರ ಮೊದಲ ಅವಧಿಯಲ್ಲೂ ಇದೇ ಕುರ್ಚಿಯಲ್ಲಿದ್ದರು. 1974ರ ಕಾನೂನೇ ಸಂವಿಧಾನಬಾಹಿರ ಅನ್ನೋದು ತಮ್ಮ ನಿಲುವು ಅಂತ ಸೆನೆಟ್ ಮುಂದೆಯೇ ಹೇಳಿ, 2025ರ ಫೆಬ್ರವರಿಯಲ್ಲಿ 53-47 ಮತಗಳಿಂದ ಒಪ್ಪಿಗೆ ಪಡೆದರು. ಮುಚ್ಚುಮರೆ ಇಲ್ಲ, ಅದಕ್ಕೊಂದು ನಮಸ್ಕಾರ. ಅವರು ಬರೋದಕ್ಕೂ ಮುಂಚೆ, ಜನವರಿ 27ರಂದೇ, ಅನುದಾನ ಎಲ್ಲ ನಿಲ್ಲಿಸಿ ಅಂತ ಓಎಂಬಿಯಿಂದ ಎರಡು ಪುಟದ ಮೆಮೊ ಹೋಗಿತ್ತು, ಗದ್ದಲವಾಗಿ ಎರಡೇ ದಿನಕ್ಕೆ ವಾಪಸ್ ತಗೊಂಡರು. ಜುಲೈನಲ್ಲಿ 900 ಕೋಟಿ ಡಾಲರ್ ರದ್ದತಿಗೆ ಕಾಂಗ್ರೆಸ್ಸನ್ನೇ ಕೇಳಿ ಒಪ್ಪಿಗೆ ಪಡೆದರು. ಅದು ಸರಿಯಾದ ದಾರಿ. ವಿದೇಶಿ ನೆರವಿಗೂ ಸಾರ್ವಜನಿಕ ರೇಡಿಯೊಗೂ ಕತ್ತರಿ ಬಿದ್ದದ್ದು ನನಗೆ ಹಿಡಿಸಲಿಲ್ಲ, ಆದರೆ ಮತ ಹಾಕಿ ಮಾಡಿದ್ದು, ಮಾತಾಡೋ ಹಾಗಿಲ್ಲ.

ಆಗಸ್ಟ್ ಕೊನೆಯಲ್ಲಿ ಮಾಡಿದ್ದು ಮಾತ್ರ ಅಪ್ಪನಿಗೆ ಹೇಳಿದ ಕೂಡಲೇ ಅರ್ಥವಾಯ್ತು. ವಿದೇಶಿ ನೆರವಿನ 490 ಕೋಟಿ ಡಾಲರ್ ರದ್ದು ಮಾಡಿ ಅಂತ ಪತ್ರ ಕಳಿಸಿದರು. ಕಳಿಸಿದ ಮೇಲೆ 45 ದಿನ ಹಿಡಿದಿಟ್ಟುಕೊಳ್ಳಬಹುದು ಅಂದೆನಲ್ಲ? ವರ್ಷ ಮುಗಿಯೋಕೆ ಉಳಿದಿದ್ದು ಒಂದೇ ತಿಂಗಳು. ಕಾಂಗ್ರೆಸ್ ಹೂಂ ಅನ್ನಲಿ, ಊಹೂಂ ಅನ್ನಲಿ, ಸೆಪ್ಟೆಂಬರ್ 30 ದಾಟಿದರೆ ಹಣ ತಾನಾಗಿ ಲ್ಯಾಪ್ಸ್.

"ಅಯ್ಯೋ, ಇದು ಮಾರ್ಚ್ 28ಕ್ಕೆ ಆಕ್ಷೇಪಣೆ ಹಾಕೋ ಕೆಲಸ!" ಅಂದರು ಅಪ್ಪ. "ಬಿಲ್ ಪಾಸ್ ಮಾಡಬಾರದು ಅಂತ ಇದ್ದರೆ ಇಲ್ಲ ಅನ್ನಲ್ಲಮ್ಮ, ಏನೋ ಒಂದು ಸಣ್ಣ ಕೊರತೆ ಬರೆದು ವಾಪಸ್ ಮಾಡೋದು. ಅವನು ಸರಿಮಾಡ್ಕೊಂಡು ಬರೋಷ್ಟರಲ್ಲಿ ಏಪ್ರಿಲ್ ಒಂದು."

ಸೆಪ್ಟೆಂಬರ್ 26ಕ್ಕೆ ಸುಪ್ರೀಂ ಕೋರ್ಟು ಅದರಲ್ಲಿ 400 ಕೋಟಿಯಷ್ಟನ್ನು ಸದ್ಯಕ್ಕೆ ತಡೆಹಿಡಿಯಬಹುದು ಅಂತ ಬಿಟ್ಟುಕೊಟ್ಟಿತು. ಇನ್ನು ನಾಲ್ಕು ದಿನಕ್ಕೆ ವರ್ಷ ಮುಗೀತು. ನಂತರ ನನ್ನ ಲ್ಯಾಪ್‌ಟಾಪಿನ ಮೇಲೆ ಸೇವಂತಿಗೆ.

ನನ್ನ ತಕರಾರು ಇಲ್ಲಿದೆ. ಖರ್ಚು ಕಡಿಮೆ ಮಾಡಬೇಕು ಅನ್ನೋರ ಜೊತೆ ನನಗೆ ಜಗಳ ಇಲ್ಲ. 2024ರ ಹಣಕಾಸು ವರ್ಷದಲ್ಲಿ ಈ ದೇಶ ಖರ್ಚು ಮಾಡಿದ್ದು ಸುಮಾರು 6.75 ಲಕ್ಷ ಕೋಟಿ ಡಾಲರ್, ಬಂದ ಆದಾಯ ಸುಮಾರು 4.9 ಲಕ್ಷ ಕೋಟಿ. ಬಡ್ಡಿಗೆ ಹೋಗಿದ್ದು ರಕ್ಷಣಾ ವೆಚ್ಚಕ್ಕಿಂತ ಜಾಸ್ತಿ. ಹೀಗೆ ಸಂಸಾರ ಮಾಡಿದರೆ ಯಾವ ಮನೆಯೂ ಉಳಿಯಲ್ಲ. ಆದರೆ ಈ ಕಿತ್ತಾಟ, ಬೀಗ, ಮೆಮೊ ಎಲ್ಲ ನಡೀತಿರೋದು ಒಟ್ಟು ಖರ್ಚಿನ ಕಾಲುಭಾಗ ಚಿಲ್ಲರೆಯ ಮೇಲೆ. ಪಿಂಚಣಿ, ವೃದ್ಧರ ಆರೋಗ್ಯ ವಿಮೆ, ಬಡ್ಡಿ ಇವೆಲ್ಲ ಆ 12 ಮಸೂದೆಗಳ ಮತಕ್ಕೆ ಕಾಯದೆ ತಮ್ಮಷ್ಟಕ್ಕೆ ತಾವೇ ಹೋಗುತ್ತವೆ. ಅದನ್ನು ಮುಟ್ಟೋ ಧೈರ್ಯ ಎರಡೂ ಪಕ್ಷಕ್ಕಿಲ್ಲ. ಅಟ್ಟದ ಮೇಲಿನ ಕಣಜಕ್ಕೆ ಇಲಿ ಬಿದ್ದಿದೆ, ಇವರು ಒಗ್ಗರಣೆ ಡಬ್ಬಿಯ ಸಾಸಿವೆ ಎಣಿಸ್ತಿದ್ದಾರೆ.

ವೋಟ್ ಒಬ್ಬರನ್ನೇ ಬೈಯೋ ಸ್ನೇಹಿತರಿಗೂ ಒಂದು ಮಾತು. ಮನೆ ಯಜಮಾನಿ ಬೀಗದ ಕೈಯನ್ನು ಹೊಸಿಲ ಮೇಲೆ ಬಿಟ್ಟು ತಿರುಗಾಡಿದರೆ ತಪ್ಪು ಯಾರದು? 535 ಜನ ಇದ್ದಾರೆ ಕಾಂಗ್ರೆಸ್ಸಿನಲ್ಲಿ. ಅದರಲ್ಲಿ ಒಬ್ಬರು ಮಿಶಿಗನ್ನಿನ ಶ್ರೀ ಥಾನೇದಾರ್, ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಹನ್ನೆರಡು ಮಸೂದೆ ಹೊತ್ತಿಗೆ ಮುಗಿಸಿದ್ದರೆ ಓಎಂಬಿಗೆ ಇಷ್ಟು ಸಂದು ಸಿಗುತ್ತಲೇ ಇರಲಿಲ್ಲ. ತಾತ್ಕಾಲಿಕ ಠರಾವು ಅಂದರೆ ಎಲ್ಲಿಗೆ ಎಷ್ಟು ಅನ್ನೋ ವಿವರ ಸಡಿಲ, ಸಡಿಲ ಇದ್ದಷ್ಟೂ ಬಿಡುಗಡೆ ಪತ್ರ ಬರೆಯೋನ ಕೈ ಮೇಲು. ಇದು ಡೆಮಾಕ್ರಾಟರ ಕಾಲದಲ್ಲೂ ನಿಜ, ನಾಳೆ ಇನ್ನೊಬ್ಬರು ಬಂದರೂ ನಿಜ. ಆ ಕುರ್ಚಿ ಯಾರ ಹಿಡಿತವೂ ಇಲ್ಲದೆ ಇಷ್ಟು ಎತ್ತರಕ್ಕೆ ಹೋಗಿದ್ದು ಸದನ ಕೂತು ಕೆಲಸ ಮಾಡದೇ ಇದ್ದದ್ದರಿಂದ.

ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಓಎಂಬಿ ಬಿಡುಗಡೆ ಪತ್ರಗಳನ್ನೆಲ್ಲ ಅಡಿಟಿಪ್ಪಣಿ ಸಮೇತ ವೆಬ್‌ಸೈಟಿನಲ್ಲಿ ಹಾಕಬೇಕು, ಒಪ್ಪಿಗೆ ಕೊಟ್ಟ ಅಧಿಕಾರಿ ಯಾರು ಅಂತಲೂ ತಿಳಿಸಬೇಕು ಅಂತ 2022ರಲ್ಲಿ ಕಾನೂನು ಮಾಡಿದರು. 2025ರ ಮಾರ್ಚ್‌ನಲ್ಲಿ ಓಎಂಬಿ ಆ ವೆಬ್‌ಸೈಟನ್ನೇ ಇಳಿಸಿಬಿಟ್ಟಿತು. ಕೇಸಾಯ್ತು, ಕೋರ್ಟು ಹೇಳಿದ ಮೇಲೆ ಆಗಸ್ಟಿನಲ್ಲಿ ಮತ್ತೆ ಬಂತು. ಕೆಲಸವಿಲ್ಲದ ನಾನು ದಿನಾ ಅದನ್ನೇ ತೆರೆದು ನೋಡ್ತಿದ್ದೆ, ಟೆಸ್ಟರ್ ಬುದ್ಧಿ.

ನವೆಂಬರ್ 12ರ ರಾತ್ರಿ ಸಹಿ ಬಿತ್ತು. ಮೂರು ಮಸೂದೆ ಪೂರ್ತಿ ವರ್ಷಕ್ಕೆ, ಉಳಿದದ್ದಕ್ಕೆ ಜನವರಿ 30ರವರೆಗೆ ಮತ್ತೆ ಲೇಖಾನುದಾನ. ನನ್ನ ಕಂಪನಿಯಿಂದ "ಸೋಮವಾರ ಬನ್ನಿ" ಅಂತ ಮೇಲ್ ಬಂತು. ಹೋದ ಆರು ವಾರದ ಬಗ್ಗೆ ಒಂದಕ್ಷರ ಇಲ್ಲ.

ಅಪ್ಪನಿಗೆ ಆ ಬಿಡುಗಡೆ ಪತ್ರಗಳಲ್ಲಿ ಒಂದನ್ನು ವಾಟ್ಸಾಪಿನಲ್ಲಿ ಕಳಿಸಿದ್ದೆ, ಸುಮ್ಮನೆ ನೋಡಲಿ ಅಂತ. ಎಪ್ಪತ್ತೆಂಟು ವರ್ಷದ ಮನುಷ್ಯ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದು, ಭೂತಗನ್ನಡಿ ಹಿಡಿದು, ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿದರು.

"ಇಂಗ್ಲಿಷು ಪೂರ್ತಿ ಗೊತ್ತಾಗಲಿಲ್ಲ. ಆದ್ರೆ ಕೆಳಗೆ ಎ-ಒಂದು ಎ-ಎರಡು ಅಂತ ಚಿಕ್ಕ ಅಕ್ಷರದಲ್ಲಿ ಬರ್ದಿದಾನೆ ನೋಡು, ಷರತ್ತು ಅದ್ರಲ್ಲೇ ಇಟ್ಟಿದಾನೆ. ಮೇಲಿನ ಅಂಕಿ ನೋಡಿ ಮೋಸ ಹೋಗಬೇಡ."

"ಹೂಂ ಅಪ್ಪಾ."

"ಮತ್ತೆ ಇದರಲ್ಲಿ ಸಹಿ ಮಾಡಿರೋನು ಯಾರು? ಹೆಸರೇನೋ ಹಾಕಿದಾನೆ. ಕಾಯಂ ನೌಕರನೋ, ಇಲ್ಲಾ ಮೇಲಿನಿಂದ ಬಂದೋನೋ? ಮೊದಲು ಅದನ್ನ ತಿಳ್ಕೊಂಡು ಹೇಳಮ್ಮಾ ನಂಗೆ."